ಇಳೀಲಿ ಎಂದ ಆ ಒಂದು ನಿಮಿಷ

ಹುಬ್ಬಳ್ಳಿ-ಧಾರವಾಡದ ಆಸ್ಪತ್ರೆಗಳಲ್ಲಿ ಟ್ರೆಡ್‌ಮಿಲ್ ಪರೀಕ್ಷೆ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಓಟ ಮುಗಿದ ಮೇಲಿನ ಒಂದು ನಿಮಿಷಕ್ಕೆ ಓಟದಷ್ಟೇ ಮರ್ಯಾದೆ ಕೊಟ್ಟವರೆಂದರೆ ಶಿವಲಿಂಗವ್ವನವರು. ಉಪ್ಪಿನಬೆಟಗೇರಿಯ ಒಕ್ಕಲುತನದ ಮನೆಯಿಂದ ಬಂದು, ದಾದಿಯಾಗಿ ಸೇರಿ, ಹೃದಯ ವಿಭಾಗದ ಕೆಲಸವನ್ನು ನೋಡಿ ನೋಡಿಯೇ ಕಲಿತ ಅವರು ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

“ಎದಿ ಬಡಿತ ಏರೂದು ಎಲ್ಲಾರದೂ ಏರತೈತ್ರಿ. ಎಷ್ಟ ಲಗೂ ಇಳಿತೈತಿ, ಅದನ್ನ ನೋಡಬೇಕು” ಎಂಬುದು ಅವರ ನಿತ್ಯದ ಮಾತು. ಮೊದಲ ನಿಮಿಷದಲ್ಲಿ ಬಡಿತ ಹನ್ನೆರಡಕ್ಕಿಂತ ಹೆಚ್ಚು ಇಳಿಯದಿದ್ದರೆ ವರದಿಯ ಅಂಚಿಗೆ ಕೆಂಪು ಗೆರೆ ಎಳೆದು ಡಾಕ್ಟರ ಮುಂದಿಡುತ್ತಿದ್ದರು.

ಮೂರು ವರ್ಷದ ಹಿಂದೆ, ತಾರಿಹಾಳದಲ್ಲಿ ವೆಲ್ಡಿಂಗ್ ಅಂಗಡಿ ನಡೆಸುವ ಕಾಸಿಮಸಾಬರನ್ನು ಮಗಳು ಅಲ್ಫಿಯಾ ಹಟ ಹಿಡಿದು ಕರೆತಂದಳು. “ದಿನಾ ಕಬ್ಬಿಣ ಎತ್ತಾಂವ್ರಿ ಅಕ್ಕಾರ, ನನಗೇನ ಆಗಿರತೈತಿ?” ಎನ್ನುತ್ತಲೇ ಅವರು ಓಡಿದರು. ಓಟ ಮುಗಿದು ಟ್ರೆಡ್‌ಮಿಲ್ಲಿನ ಪಟ್ಟಿ ನಿಧಾನವಾಗತೊಡಗಿದಾಗ ಶಿವಲಿಂಗವ್ವನವರು ಪರದೆಯ ಅಂಕಿಯನ್ನೇ ನೋಡುತ್ತ “ಇಳೀಲಿ, ಇಳೀಲಿ” ಎಂದರು. ಕಾಸಿಮಸಾಬರ ಕಿವಿಗೆ ಬಿದ್ದದ್ದು “ಇಳೀರಿ”. ಇಷ್ಟು ಗೌರವದಿಂದ ಹೇಳಿದ ಮೇಲೆ ಕೇಳದಿರುವುದುಂಟೆ? ಚಲಿಸುತ್ತಿದ್ದ ಪಟ್ಟಿಯಿಂದ ಧುಮುಕಿಯೇಬಿಟ್ಟರು. ಎದೆಗೆ ಅಂಟಿಸಿದ್ದ ತಂತಿಗಳೆಲ್ಲ ಕಿತ್ತುಬಂದವು.

“ನೀವ ಇಳೀರಿ ಅಂದ್ರಲ್ರೀ!”

“ನಿಮಗಲ್ರೀ, ನಿಮ್ಮ ಎದಿಗೆ ಅಂದಿದ್ದೆ!”

“ಅಬ್ಬಾ, ಮನ್ಯಾಗ ಹೇಳಿದ್ದನ್ನೂ ಕೇಳಂಗಿಲ್ಲ, ಇಲ್ಲಿ ಹೇಳದ ಇದ್ದದ್ದನ್ನೂ ಕೇಳಿದ್ರಿ” ಎಂದಳು ಅಲ್ಫಿಯಾ.

ಎಲ್ಲರೂ ನಕ್ಕರು. ಉಳಿದ ವರದಿ ಸರಿಯಾಗಿಯೇ ಇತ್ತು. ಕಾಸಿಮಸಾಬರು ಅಂಗಿ ಹಾಕಿಕೊಂಡು ಹೊರಟೂ ನಿಂತರು. ಶಿವಲಿಂಗವ್ವನವರಿಗೆ ಮಾತ್ರ ನಗು ಬರಲಿಲ್ಲ. ನೋಡಲೇಬೇಕಾದ ನಿಮಿಷವೇ ವರದಿಯಲ್ಲಿ ಇರಲಿಲ್ಲ. ನೆಟ್ಟಗೆ ಡಾಕ್ಟರ ಬಳಿಗೆ ಹೋಗಿ, ಎಲ್ಲರೆದುರೇ, “ತಪ್ಪು ನನ್ನ ಬಾಯಿದ್ರಿ ಸರ. ಇವರನ್ನ ಮತ್ತೊಮ್ಮೆ ಓಡಸಬೇಕು” ಎಂದರು.

ಎರಡು ದಿನ ಬಿಟ್ಟು ಮತ್ತೆ ಓಡಿಸಿದಾಗ ಮೊದಲ ನಿಮಿಷದಲ್ಲಿ ಬಡಿತ ಇಳಿದದ್ದು ಒಂಬತ್ತೇ. ರಕ್ತ ತಪಾಸಣೆಯಲ್ಲಿ ಸಕ್ಕರೆ, ಕೊಬ್ಬು ಎರಡೂ ಮಿತಿ ಮೀರಿದ್ದವು; ಸೊಂಟದ ಸುತ್ತಳತೆಯೂ ಅದೇ ಮಾತು ಹೇಳಿತು. ಡಾಕ್ಟರು ಗುಳಿಗೆ ಬರೆದರು, ಊಟಕ್ಕೆ ಕಟ್ಟಳೆ ಹಾಕಿದರು, ದಿನವೂ ನಡೆಯಬೇಕೆಂದರು. ನಡೆಸುವ ಕೆಲಸವನ್ನು ಶಿವಲಿಂಗವ್ವನವರು ತಾವೇ ವಹಿಸಿಕೊಂಡು, ವಾರಕ್ಕೊಮ್ಮೆ ಫೋನು ಮಾಡಿ, “ನಡದ್ರೋ, ಅಂಗಡ್ಯಾಗ ಕುಂತ್ರೋ?” ಎಂದು ವಿಚಾರಿಸುತ್ತಿದ್ದರು. ಎಂಟು ತಿಂಗಳ ಮೇಲೆ ಮತ್ತೆ ಓಡಿಸಿದಾಗ ಒಂಬತ್ತಿದ್ದದ್ದು ಇಪ್ಪತ್ತೊಂದಾಯಿತು.

ಕಾಸಿಮಸಾಬರು ಧುಮುಕಿದಂದಿನಿಂದ ಶಿವಲಿಂಗವ್ವನವರ ಮಾತೂ ತಿದ್ದಿಕೊಂಡಿತು. ಪಟ್ಟಿ ಹತ್ತಿದ ಪ್ರತಿಯೊಬ್ಬರಿಗೂ ಮೊದಲೇ ಹೇಳುವರು: “ಬಡಿತ ಇಳೀಲಿ, ನೀವು ಇಳೀಬ್ಯಾಡ್ರಿ.”

ನಿವೃತ್ತಿಯ ಸುದ್ದಿ ಕೇಳಿ ಕಳೆದ ವಾರ ಕಾಸಿಮಸಾಬರು ಬಂದಿದ್ದರು. ಮೂರು ಅಂತಸ್ತು ಮೆಟ್ಟಿಲು ಹತ್ತಿ ಬಂದು, ತಮ್ಮ ನಾಡಿಯನ್ನು ತಾವೇ ಹಿಡಿದು ಒಂದು ನಿಮಿಷ ಸುಮ್ಮನೆ ನಿಂತು, ಆಮೇಲೆ ಬಾಯಿ ತೆರೆದರು. ಇನ್ನು ಮುಂದೆ ತಮ್ಮ ಮನೆಯಿರುವ ಗಬ್ಬೂರಿನಲ್ಲಿ ಮುಂಜಾನೆ ನಡೆಯುವವರ ನಾಡಿ ನೋಡುವುದಾಗಿ ಶಿವಲಿಂಗವ್ವನವರು ಅವರಿಗೆ ಮಾತು ಕೊಟ್ಟಿದ್ದಾರೆ. ಆ ಕೆಲಸ ಬಹುಕಾಲ ಸಾಗಲಿ, ಅದಕ್ಕೆ ತಕ್ಕ ಆಯುರಾರೋಗ್ಯ ಅವರಿಗೆ ಒದಗಲಿ ಎಂದು ಹಾರೈಸುವಾಗ, ಅಂದು ಬಾಗಿಲಲ್ಲಿ ನಿಂತು ಕಾಸಿಮಸಾಬರು ಹೇಳಿದ್ದಕ್ಕಿಂತ ಒಳ್ಳೆಯ ಮಾತು ಸಿಗದು:

“ಬಡಿತ ಇಳೀಲ್ರಿ ಅಕ್ಕಾರ, ನೀವು ಇಳೀಬ್ಯಾಡ್ರಿ.”