ಆಕಾಶದಲ್ಲಿ ಬೋರಲು ಹಾಕಿದ ಕರಟ

ತೆಂಗಿನಕಾಯಿ ಒಡೆದಾಗ ಉಳಿದವರು ಕೊಬ್ಬರಿ ನೋಡುತ್ತಾರೆ, ನಾನು ಕರಟ ನೋಡುತ್ತೇನೆ. ಕಣ್ಣಿರುವ ಹೋಳು ಗುಂಡಗೆ, ಬಿರುಕಿಲ್ಲದೆ ಒಡೆದಿದ್ದರಂತೂ ಕೈ ತಾನಾಗಿ ಅದರ ಕಡೆ ಹೋಗುತ್ತದೆ. ಒಮ್ಮೆ ಯಾರದೋ ಮದುವೆ ಮನೆಯಲ್ಲಿ ಅಂಥದೊಂದು ಹೋಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತ ನಿಂತಿದ್ದೆ. ನನ್ನ ಹೆಂಡತಿ ಜಯಮ್ಮ ಅವತ್ತು ಊಟಕ್ಕೆ ನನ್ನ ಪಕ್ಕದಲ್ಲಿ ಕೂರಲಿಲ್ಲ. ಇದು ಹುಚ್ಚು ಎಂದು ನೀವು ಅಂದರೆ ನಾನು ಅಲ್ಲ ಎನ್ನುವುದಿಲ್ಲ. ಆದರೆ ಪ್ರತಿ ಹುಚ್ಚಿಗೂ ಒಂದು ಪೂರ್ವಾಶ್ರಮ ಇರುತ್ತದಲ್ಲ, ಅದನ್ನು ಹೇಳುತ್ತೇನೆ, ಸ್ವಲ್ಪ ಕೂತು ಕೇಳಿ.

ಅರವತ್ತರ ದಶಕದ ಮಾತು. ಯಶವಂತಪುರ ಸ್ಟೇಷನ್ನಿನಲ್ಲಿ ನನಗೆ ತಂತಿ ಕಳಿಸುವ ಕೆಲಸ. ಗಾಡಿ ಹೊರಟಿತು, ಗಾಡಿ ಬಂತು ಎಂದು ಮುಂದಿನ ಸ್ಟೇಷನ್ನಿಗೂ ಹಿಂದಿನ ಸ್ಟೇಷನ್ನಿಗೂ ಚುಕ್ಕಿ ಗೆರೆಗಳ ಭಾಷೆಯಲ್ಲಿ ದಿನವಿಡೀ ಕುಟ್ಟುವುದು. ಇಷ್ಟು ಕುಟ್ಟಿ ಬಂದವನು ಸಂಜೆ ಮನೆಯಲ್ಲಿ ಕೈಕಟ್ಟಿ ಕೂರಬೇಕಿತ್ತು. ಅದು ಬಿಟ್ಟು ಸರ್ಕಾರದ ಪರೀಕ್ಷೆ ಬರೆದು, ಮನೆಯಲ್ಲೇ ಹವ್ಯಾಸಕ್ಕೆ ರೇಡಿಯೋ ನಡೆಸುವ ಲೈಸೆನ್ಸು ತರಿಸಿಕೊಂಡೆ.

“ಸ್ಟೇಷನ್ನಲ್ಲಿ ಕುಟ್ಟಿದ್ರೆ ಸಂಬಳ ಕೊಡ್ತಾರೆ. ಮನೇಲಿ ಕುಟ್ಟಿದ್ರೆ ಯಾರ್ ಏನ್ ಕೊಡ್ತಾರೆ?” ಎಂದಳು ಜಯಮ್ಮ.

“ಯಾರಾದ್ರೂ ಉತ್ತರ ಕೊಡ್ತಾರೆ,” ಎಂದೆ.

ಅಷ್ಟೇ ನನ್ನ ಆಸೆ. ಸ್ಟೇಷನ್ನಿನ ತಂತಿಯ ಆ ತುದಿಯಲ್ಲಿ ಕೂತವರೆಲ್ಲ ನನಗೆ ಗೊತ್ತಿದ್ದವರೇ, ಅವರು ಕೇಳಿಸಿಕೊಳ್ಳುವುದು ಕೆಲಸಕ್ಕಾಗಿ. ಊರು ಗೊತ್ತಿಲ್ಲದ, ಮುಖ ನೋಡದ ಒಬ್ಬ ಮನುಷ್ಯ, ನಿನ್ನ ದನಿ ಕೇಳಿಸಿತು ಕಣಯ್ಯಾ ಎಂದು ಒಂದೇ ಒಂದು ಸಲ ಹೇಳಬೇಕು. ಮನೆಯಲ್ಲಿ ನನ್ನ ಮಾತನ್ನು ಯಾರೂ ಕೇಳುತ್ತಿರಲಿಲ್ಲವೆಂಬ ಕೊರಗೂ ಇದರಲ್ಲಿ ಸೇರಿತ್ತೇನೋ.

ಯಂತ್ರ ಮಾಡುವುದು ಕಷ್ಟವಾಗಲಿಲ್ಲ. ಯುದ್ಧದ ಕಾಲದ ಮಿಲಿಟರಿ ಸಾಮಾನು ಗುಜರಿ ಅಂಗಡಿಗಳಲ್ಲಿ ಸಿಗುತ್ತಿತ್ತು. ಕಷ್ಟವೆಲ್ಲ ದನಿಯನ್ನು ಗಾಳಿಗೆ ಬಿಡುವ ಏರಿಯಲ್‌ನದು. ಅರವತ್ತಾರು ಅಡಿ ತಾಮ್ರದ ತಂತಿಯನ್ನು ನಡುವೆ ಕತ್ತರಿಸಿದರೆ ಎರಡು ತೋಳು. ಹಿತ್ತಿಲಲ್ಲಿ ನೆಟ್ಟ ಸರ್ವೆ ಮರದ ಗಳಕ್ಕೆ ಒಂದು ತೋಳಿನ ತುದಿ, ಮನೆಯ ಮಾಲೀಕರಾದ ರಹೀಂ ಸಾಬರ ತೆಂಗಿನ ಮರಕ್ಕೆ ಇನ್ನೊಂದು. ತುದಿಗಳಲ್ಲಿ ಕರೆಂಟು ಮರಕ್ಕೆ ಸೋರಿಹೋಗದಂತೆ ಒಡೆದ ಸೋಡಾ ಬಾಟಲಿಗಳ ಕುತ್ತಿಗೆ, ಅಲ್ಲಿಂದಾಚೆ ಹಗ್ಗ. ನಡುವೆ ಎರಡು ತೋಳು ಸೇರುವ ಕಡೆ ಒಂದು ಗಂಟು. ಆ ಗಂಟಿಗೆ ಬೆಸುಗೆ ಹಾಕಿದ ಜೋಡಿ ತಂತಿ ಕೆಳಗಿಳಿದು ಕಿಟಕಿಯಲ್ಲಿ ಒಳಗೆ ಬಂದರೆ ಮುಗಿಯಿತು. “ಕಟ್ಕೊಳ್ಳಿ ಬಾಬು, ಮರ ಏನ್ ಓಡ್ಹೋಗಲ್ಲ,” ಎಂದು ಸಾಬರು ಒಪ್ಪಿಗೆ ಕೊಟ್ಟರು.

ಲೈಸೆನ್ಸು ಬಂದದ್ದು ಮುಂಗಾರಿನ ಜೊತೆಯಲ್ಲೇ. ಬೆಂಗಳೂರಿನ ಮಳೆಯನ್ನು ಕಾಫಿ ಹೀರುತ್ತ ಹೊಗಳುವವರು ಒಂದು ಬೆಸುಗೆಯ ಗಂಟನ್ನು ಅದರ ಕೈಗೆ ಕೊಟ್ಟು ನೋಡಬೇಕು. ಹೆಬ್ಬಾಳದ ಕಡೆ ಮೋಡ ಕಟ್ಟುತ್ತದೆ, ಶೆಟ್ಟಿಹಳ್ಳಿಯ ಕಡೆಯಿಂದ ಸುರಿಯುತ್ತದೆ. ಮೇಲಿನಿಂದ ಬೀಳುವ ನೀರಿಗೆ ಏನಾದರೂ ಹೊದಿಸಬಹುದು. ಪಕ್ಕದಿಂದ ಬೀಸುವ ನೀರಿಗೆ ಏನಾದರೂ ಸುತ್ತಬಹುದು. ಮೂರನೆಯದೊಂದಿದೆ, ಅದು ಹತ್ತುವ ನೀರು. ಆ ಕಾಲದ ಜೋಡಿ ತಂತಿಗೆ ಹತ್ತಿಯ ಹೊದಿಕೆ. ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ನೀರು ಅದರೊಳಗೆ ಸದ್ದಿಲ್ಲದೆ ಏರಿ ಗಂಟಿಗೆ ಹೋಗಿ ಕೂರುತ್ತದೆ. ಗಂಟಿಗೆ ಕಿಲುಬು ಹತ್ತುತ್ತದೆ. ಆಮೇಲೆ ನೀವು ಎಷ್ಟು ಕುಟ್ಟಿದರೂ ನಿಮ್ಮ ದನಿ ಹಿತ್ತಿಲು ದಾಟುವುದಿಲ್ಲ.

ಮೊದಲ ಮಳೆಗಾಲ ಗಂಟಿಗೆ ಬಟ್ಟೆ ಸುತ್ತಿ ಮೇಣದಬತ್ತಿ ಕರಗಿಸಿ ಸುರಿದೆ. ಗಾಳಿಗೆ ತಂತಿ ಆಡಿದಂತೆಲ್ಲ ಮೇಣ ಬಿರುಕು ಬಿಟ್ಟಿತು. ದಿನವೂ ಸಂಜೆ ಏಳಕ್ಕೆ ಕೂತು, ಯಾರಾದರೂ ಕೇಳಿಸಿಕೊಳ್ಳುತ್ತಿದ್ದೀರಾ ಎಂಬ ಅರ್ಥದ ಸಂಕೇತವನ್ನು ಕುಟ್ಟುತ್ತಿದ್ದೆ. ಪ್ರಪಂಚದವರೆಲ್ಲ ಒಬ್ಬರ ಜೊತೆ ಒಬ್ಬರು ಮಾತಾಡುವುದು ನನ್ನ ಕಿವಿಗೆ ಬೀಳುತ್ತಿತ್ತು. ನನ್ನನ್ನು ಮಾತ್ರ ಒಬ್ಬರೂ ಮಾತಾಡಿಸಲಿಲ್ಲ. ಮಳೆ ನಿಂತ ಮೇಲೆ ನೋಡೋಣವೆಂದರೆ ಯಂತ್ರದೊಳಗಿನ ಗಾಜಿನ ಬುರುಡೆ, ವಾಲ್ವ್, ಸುಟ್ಟುಹೋಯಿತು. ಇನ್ನೊಂದು ವಾಲ್ವ್ ಮದ್ರಾಸಿನಿಂದ ಬಂದು ಸೇರುವ ಹೊತ್ತಿಗೆ ಮತ್ತೆ ಮಳೆಗಾಲ.

ಈಗ ನಮ್ಮ ಅತ್ತೆಯ ವಿಷಯ ಹೇಳಬೇಕು. ಜಯಮ್ಮನ ತವರು ಯಲಹಂಕದ ಹತ್ತಿರ ಕೋಗಿಲು, ಹೊಲ ಗದ್ದೆ ಇದ್ದ ಮನೆ. ಮಾವ ತೀರಿಕೊಂಡ ಮೇಲೆ ಅತ್ತೆ ಮಗಳ ಬಾಣಂತನಕ್ಕೆಂದು ನಮ್ಮಲ್ಲಿಗೆ ಬಂದವರು ಇಲ್ಲೇ ಉಳಿದಿದ್ದರು. ಹಳೆಯ ಕಾಲದ ಹೆಂಗಸು. ಅಳಿಯನ ಎದುರಿಗೆ ಬರುವುದಾಗಲಿ, ಅಳಿಯನ ಜೊತೆ ನೇರವಾಗಿ ಮಾತಾಡುವುದಾಗಲಿ ಅವರಿಗೆ ಸಲ್ಲದ ಸಂಗತಿ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಮಗಳಿಗೆ ಹೇಳುವರು. ಎರಡು ವರ್ಷ ಒಂದೇ ಸೂರಿನಡಿ ಇದ್ದೂ ಅವರು ನನಗೆಂದು ಒಂದು ಮಾತು ಆಡಿರಲಿಲ್ಲ. ನಾನೂ ಮರ್ಯಾದೆಗೆ ಕೆಮ್ಮಿ ಒಳಗೆ ಬರುತ್ತಿದ್ದೆ.

ಅತ್ತೆಗೆ ಮಾತಿಗೊಂದೇ ವಿಷಯ, ಕೋಗಿಲಿನ ಹಗೇವು. ಹಗೇವು ಅಂದರೆ ರಾಗಿಯನ್ನು ತುಂಬಿಡಲು ನೆಲದೊಳಗೆ ತೋಡಿದ ಕಣಜ. ಆಳು ಇಳಿಯುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಜಾಗ. ರಾಗಿ ತುಂಬಿ, ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ ಮಣ್ಣು ಹಾಕಿದರೆ ವರ್ಷಗಟ್ಟಲೆ ಕೆಡದು. ಮೇಣ ಬಿರುಕು ಬಿಟ್ಟ ದಿನ ಬಾಗಿಲ ಹಿಂದಿನಿಂದ ಕೇಳಿತು: “ಅಗೇವಿನ್ ಬಾಯಿ ಮುಚ್ಚೋಕ್ ಮುಂಚೆ ನಿಮ್ಮಪ್ಪ ಮೂರ್ ದಿನ ಬಿಸ್ಲು ಕಾಯಿಸ್ತಿದ್ರು ಕಣವ್ವ.” ಪಾಪ, ಮಾವನ ನೆನಪು ಕಾಡುತ್ತಿದೆ ಎಂದುಕೊಂಡೆ.

ಎರಡನೇ ಮಳೆಗಾಲಕ್ಕೆ ಡಾಂಬರು ಹಿಡಿದೆ. ಗಂಟಿಗೆ ದಪ್ಪಗೆ ಮೆತ್ತಿ ಮೇಲೆಳೆದೆ. ಮಧ್ಯಾಹ್ನದ ಬಿಸಿಲು ಸ್ವಲ್ಪ ಚುರುಕಾಯಿತು. ಶುಕ್ರವಾರ, ರಹೀಂ ಸಾಬರು ಬಿಳಿ ಷರ್ಟು ತೊಟ್ಟು ಮಸೀದಿಗೆ ಹೊರಟವರು ಕೆಳಗೆ ಹಾದರು. ಹೆಗಲ ಮೇಲೆ ಸರಿಯಾಗಿ ಎರಡು ಹನಿ ಬಿತ್ತು. ನಾನು ನಾಲಿಗೆ ಕಚ್ಚಿಕೊಂಡು ನಿಂತೆ. ಸಾಬರು ಹೆಗಲನ್ನೊಮ್ಮೆ ನೋಡಿ, ಆಕಾಶವನ್ನೊಮ್ಮೆ ನೋಡಿ, “ಹೋಗ್ಲಿ ಬಿಡಿ ಬಾಬು. ಈ ಜಾಗದಲ್ಲಿ ಇನ್ ಮೇಲೆ ಮಳೆ ಸೋರಲ್ಲ,” ಎಂದು ಷರ್ಟು ಬದಲಾಯಿಸಲು ವಾಪಸು ಹೋದರು. ಅವತ್ತು ಬಾಗಿಲ ಹಿಂದೆ, “ಬರೀ ಮೆತ್ತಿದ್ರೆ ಆಯ್ತದಾ? ನೀರು ಜಾರಂಗೆ ಮೇಲೆ ದಿಬ್ಬ ಮಾಡ್ಬೇಕು. ನಿಮ್ಮಪ್ಪ ಅಂಗೇ ಮಾಡ್ತಿದ್ದಿದ್ದು,” ಎಂದು ಕೇಳಿಸಿತು. ನನ್ನ ಕನಿಕರ ಇನ್ನಷ್ಟು ಹೆಚ್ಚಿತು.

ಇಷ್ಟರಲ್ಲಿ ಜಯಮ್ಮನಿಗೆ ಸಾಕಾಗಿತ್ತು. ಹಿತ್ತಿಲಲ್ಲಿ ಚಪ್ಪರದವರೆ ಹಬ್ಬಿಸಬೇಕೆಂದು ಅವಳಿಗೆ ಆಸೆ, ಚಪ್ಪರಕ್ಕೆ ನನ್ನ ಗಳದ ಮೇಲೆ ಕಣ್ಣು. ಮಾತಿಗೆ ಮಾತು ಬೆಳೆದು ನಾನು ಒಂದು ಪ್ರತಿಜ್ಞೆ ಮಾಡಿಬಿಟ್ಟೆ. ಗೌರಿ ಹಬ್ಬದೊಳಗೆ ಒಬ್ಬನಾದರೂ ಉತ್ತರ ಕೊಡದಿದ್ದರೆ ಏರಿಯಲ್ ಬಿಚ್ಚಿ, ಯಂತ್ರವನ್ನು ಅಟ್ಟಕ್ಕೆ ಹಾಕಿ, ಗಳವನ್ನು ಅವರೆ ಬಳ್ಳಿಗೆ ಕೊಡುವುದು. ಆಡಿದ ಮೇಲೆ ಯಾಕಾದರೂ ಆಡಿದೆನೋ ಅನಿಸಿತು. ಆದರೆ ಗಂಡಸಿನ ಬಾಯಿಂದ ಬಂದ ಮಾತು, ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ಮುಂದಿನ ಭಾನುವಾರ ಸೋನೆ ಹಿಡಿದಿತ್ತು. ಗೋಣಿ ಕೊಪ್ಪೆ ಹಾಕಿಕೊಂಡು ಹಿತ್ತಿಲಲ್ಲಿ ಕೂತು, ಗಂಟಿಗೆ ಬೇರೆ ಬೆಸುಗೆ ಹಾಕಿ, ಮೇಲೆ ಅರಗು ಸುರಿದು, ಅದರ ಮೇಲೆ ಸೈಕಲ್ ಟ್ಯೂಬ್ ಬಿಗಿದು, ಅದರ ಮೇಲೆ ಡಾಂಬರು ಬಳಿದು, ಮತ್ತೆ ಬಟ್ಟೆ ಸುತ್ತಿದೆ. ಗಂಟು ಬದನೆಕಾಯಿ ಗಾತ್ರವಾಯಿತು. ಇದರೊಳಗೆ ನೀರು ಹೋಗುವುದಿರಲಿ, ನೀರಿನ ಯೋಚನೆಯೂ ಹೋಗಲಾರದು ಎಂದು ಬೀಗಿದೆ. ಬಾಗಿಲ ಹಿಂದೆ ಒಂದು ದೀರ್ಘ ನಿಟ್ಟುಸಿರು ಕೇಳಿತು. ಹತ್ತು ದಿನ ಕುಟ್ಟಿದೆ. ಉತ್ತರವಿಲ್ಲ. ಹನ್ನೊಂದನೇ ದಿನ ಬದನೆಕಾಯಿಯನ್ನು ಸೀಳಿ ನೋಡಿದರೆ ಒಳಗೆ ನೀರಿನ ಹನಿಗಳು, ಹಚ್ಚ ಹಸಿರು ಕಿಲುಬು. ಎಲ್ಲಿಂದ ಹೋಯಿತು ಎಂದು ಎಷ್ಟು ತಿರುಗಿಸಿ ನೋಡಿದರೂ ತಿಳಿಯಲಿಲ್ಲ. ನಿಜ ಹೇಳುತ್ತೇನೆ, ಅವತ್ತು ನನಗೆ ಅಳು ಬರುವುದೊಂದು ಬಾಕಿ. ಹಬ್ಬಕ್ಕೆ ಎಂಟೇ ದಿನ ಉಳಿದಿತ್ತು.

ಅದೇ ಹೊತ್ತಿಗೆ ಬಾಗಿಲ ಹಿಂದೆ ಮತ್ತೆ ಹಗೇವು ಶುರುವಾಯಿತು. ನಾನು ಜಯಮ್ಮನನ್ನು ಕರೆದು, “ನಿಮ್ಮಮ್ಮನ್ನ ನಾಲ್ಕು ದಿನ ಕೋಗಿಲಿಗೆ ಕರ್ಕೊಂಡ್ ಹೋಗಿ ಬಾ. ನಿಮ್ಮಪ್ಪನ ನೆನಪಲ್ಲಿ ಕೊರಗ್ತಾ ಇದಾರೆ,” ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಅತ್ತೆ ಹೋಗಲು ಒಪ್ಪಲಿಲ್ಲ. ಹೇಗೂ ರಾಗಿ ತರಬೇಕಿತ್ತು ಎಂದು ಜಯಮ್ಮ ಮಗುವನ್ನು ಎತ್ತಿಕೊಂಡು ತಾನೇ ಹೊರಟಳು.

ಮರುದಿನ ನನಗೆ ರಜೆ. ಪಡಸಾಲೆಯಲ್ಲಿ ಸೀಳಿದ ಗಂಟನ್ನು ಮುಂದಿಟ್ಟುಕೊಂಡು ಕೂತಿದ್ದೆ. ಅಡುಗೆಮನೆಯಲ್ಲಿ ರಾಗಿ ಬೀಸುವ ಕಲ್ಲಿನ ಸದ್ದು, ಜೊತೆಗೆ ಅತ್ತೆಯ ದನಿ:

“ಒಳಗೆ ತೇವ ಮಡಗಿ ಬಾಯಿ ಬಿಗಿದ್ರೆ ಮುಗ್ಗದೆ ಇನ್ನೇನಾಯ್ತದೆ? ಸೋನೆ ಇಡ್ದಿರೋ ದಿನ ಯಾರಾದ್ರೂ ಬಾಯಿ ಮುಚ್ತಾರಾ? ನೀರು ಒರಗಿಂದ ಓಗಿಲ್ಲ, ಒಳಗೇ ಇತ್ತು. ಮೊದ್ಲು ಚೆನ್ನಾಗ್ ಒಣಗಿಸ್ಬೇಕು. ಆಮೇಲೆ ಮೇಲೊಂದು ಕರಟ ಬೋರಲಾಕಿ ಕೆಳಗಡೆ ಬಾಯಿ ಬುಟ್ರೆ ಸಾಕು. ಬಂದ ನೀರು ಇಳ್ದೋಯ್ತದೆ.”

ಹಗೇವಿನ ಬಾಯಿಗೆ ಕರಟವೇ? ಆಳು ಇಳಿಯುವ ಬಾಯಿಗೆ ಯಾವ ತೆಂಗಿನಕಾಯಿಯ ಕರಟ ಸಾಲುತ್ತದೆ? ಹಾಗೆ ಯೋಚಿಸುತ್ತಿದ್ದಂತೆ ಇನ್ನೊಂದು ಹೊಳೆಯಿತು. ಜಯಮ್ಮ ಮನೆಯಲ್ಲಿಲ್ಲ, ಮಗುವೂ ಇಲ್ಲ. ಅಡುಗೆಮನೆಯಲ್ಲಿ ಅತ್ತೆ ಮತ್ತು ಬೀಸುವ ಕಲ್ಲು ಇಬ್ಬರೇ.

ಎರಡು ಮಳೆಗಾಲದಿಂದ ಆ ಹೆಂಗಸು ಹೇಳುತ್ತಿದ್ದುದು ಮಾವನ ಕಥೆಯಲ್ಲ. ಅಳಿಯನಿಗೆ ಬುದ್ಧಿ ಹೇಳಬಾರದು ಎಂಬ ಮರ್ಯಾದೆಗೆ ಕಟ್ಟುಬಿದ್ದು, ಮಗಳ ಹೆಸರಿನಲ್ಲಿ, ಮಗಳಿಲ್ಲದಿದ್ದರೆ ಕಲ್ಲಿನ ಹೆಸರಿನಲ್ಲಿ, ನನ್ನ ಗಂಟನ್ನೇ ಸರಿಮಾಡಿಕೊಡುತ್ತಿದ್ದರು. ಸಮುದ್ರದಾಚೆಯ ಪಿಸುಮಾತು ಕೇಳಲು ಕಿವಿಗೆ ಯಂತ್ರ ಹಾಕಿಕೊಂಡು ಕೂತವನಿಗೆ ಬಾಗಿಲಾಚೆಯ ಈ ಮಾತು ಕೇಳಿಸಿರಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ನಗು ಬಂತು.

ಎದುರು ಹೋಗಿ ಕೇಳಿದರೆ ಅತ್ತೆಗೆ ಮುಜುಗರ. ಆದ್ದರಿಂದ ಗೋಡೆಯ ಕಡೆ ತಿರುಗಿ, “ಕರಟ ಎಲ್ಲಿದೆಯೋ ಏನೋ,” ಎಂದು ಗೋಡೆಗೆ ಹೇಳಿದೆ. ಕಲ್ಲಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಹೊಸಿಲ ಈಚೆಗೆ ಒಂದು ಕರಟ ಉರುಳಿ ಬಂತು. ಕಣ್ಣಿರುವ ಹೋಳು, ನುಣ್ಣಗೆ ಹೆರೆದು ಎಣ್ಣೆ ಸವರಿದ್ದು. ಎಷ್ಟು ದಿನದಿಂದ ಸಿದ್ಧವಾಗಿತ್ತೋ, ನಾನು ಕೇಳಲಿಲ್ಲ.

ಮೂರು ದಿನ ಒಳ್ಳೆ ಬಿಸಿಲು ಸಿಕ್ಕಿತು. ಹೊಸ ಗಂಟನ್ನು ಹಗಲು ಬಿಸಿಲಲ್ಲೂ ಸಂಜೆ ಬಚ್ಚಲೊಲೆಯ ಬೆಚ್ಚನೆಯ ಬೂದಿಯ ಪಕ್ಕದಲ್ಲೂ ಒಣಗಿಸಿದೆ. ಕರಟದ ಕಣ್ಣಿನಲ್ಲಿ ದಾರ ತೂರಿಸಿ, ಕಣ್ಣಿಗೆ ಅರಗು ತುಂಬಿ, ಗಂಟನ್ನು ಅದರ ಹೊಟ್ಟೆಯೊಳಗೆ ತೂಗುಬಿಟ್ಟೆ. ಮೇಲೆ ಮುಚ್ಚಿಗೆ, ಕೆಳಗೆ ಬಯಲು. ಬಟ್ಟೆ ಒಣಹಾಕುವ ಹಗ್ಗ ಜೋತು ಬಿದ್ದ ಕಡೆಯೇ ನೀರು ತೊಟ್ಟಿಕ್ಕುತ್ತದೆ ಎಂದು ಬೀಸುವ ಕಲ್ಲಿಗೆ ಇನ್ನೊಂದು ಸಮಾಚಾರ ಹೋಯಿತು. ಸರಿ, ಕಿಟಕಿಯ ಹೊರಗೆ ತಂತಿಯನ್ನು ಒಂದು ಮೊಳ ಜೋತುಬಿಟ್ಟೆ. ಅಲ್ಲಿಂದ ಮುಂದೆ ಮಳೆನೀರು ಒಳಗೆ ಹರಿದು ಬರುವುದೂ ನಿಂತಿತು.

ಹಬ್ಬದ ಹಿಂದಿನ ಸಂಜೆ ಜಯಮ್ಮ ಬಂದಳು, ಸೆರಗಿನ ಗಂಟಿನಲ್ಲಿ ಅವರೆ ಬೀಜ. ಅವಳ ಹಿಂದೆಯೇ ಮಳೆ ಬಂತು. ಅಂಥ ಮಳೆಯನ್ನು ಆ ವರ್ಷ ನೋಡಿರಲಿಲ್ಲ. ಏಳು ಗಂಟೆಗೆ ಯಂತ್ರದ ಮುಂದೆ ಕೂತೆ. ಯಾರಾದರೂ ಕೇಳಿಸಿಕೊಳ್ಳುತ್ತಿದ್ದೀರಾ? ಒಂದು ಸಲ, ಎರಡು ಸಲ, ಮೂರು ಸಲ. ಜಯಮ್ಮ ಗಳದ ಕಡೆ ನೋಡುತ್ತ ನಿಂತಿದ್ದಳು. ನಾಲ್ಕನೇ ಸಲ ಕುಟ್ಟಿ ಕಿವಿಯಿಟ್ಟರೆ, ಸದ್ದಿನ ನಡುವೆ ಸಣ್ಣಗೆ, ಸ್ಪಷ್ಟವಾಗಿ, ಲೈಸೆನ್ಸಿನಲ್ಲಿ ನನಗೆ ಕೊಟ್ಟಿದ್ದ ಗುರುತಿನ ಅಕ್ಷರಗಳನ್ನು ಯಾರೋ ಕುಟ್ಟುತ್ತಿದ್ದರು.

ಸಿಲೋನಿನ ಗುಡ್ಡದ ಮೇಲಿನ ಒಂದು ಟೀ ತೋಟದ ಗುಮಾಸ್ತ. ನಿಮ್ಮ ದನಿ ಚೆನ್ನಾಗಿ ಕೇಳುತ್ತಿದೆ, ನಿಮ್ಮ ಏರಿಯಲ್ ಯಾವುದು ಎಂದು ಕೇಳಿದ. ತಾಮ್ರದ ತಂತಿ, ನಡುವೆ ತೆಂಗಿನ ಕರಟ ಎಂದೆ. ನಮ್ಮ ರೇಡಿಯೋದವರಲ್ಲಿ ನಗುವುದಕ್ಕೂ ಒಂದು ಸಂಕೇತವಿದೆ, ನಾಲ್ಕು ಚುಕ್ಕಿ, ಆಮೇಲೆ ಎರಡು ಚುಕ್ಕಿ. ಅವನು ಅದನ್ನು ಮೂರು ಸಲ ಕುಟ್ಟಿದ. ಎರಡು ಮಳೆಗಾಲ ಕಾದು ಸಿಕ್ಕವನಿಗೆ ಹೇಳಲು ಏನೇನೋ ಯೋಚಿಸಿಟ್ಟಿದ್ದೆ. ಎಲ್ಲ ಮರೆತುಹೋಗಿ, ಇಲ್ಲಿ ಮಳೆ ಎಂದು ಕುಟ್ಟಿದೆ. ಇಲ್ಲೂ ಮಳೆ ಎಂದ.

“ಸಿಲೋನಲ್ಲೂ ಮಳೆಯಂತೆ,” ಎಂದು ಮನೆಯವರಿಗೆಲ್ಲ ಕೇಳುವಂತೆ ಹೇಳಿದೆ.

ಬಾಗಿಲ ಹಿಂದಿನಿಂದ ಹೆಜ್ಜೆಯ ಸದ್ದಾಯಿತು. ಅತ್ತೆ ಹೊಸಿಲಿಗೆ ಬಂದು ನಿಂತಿದ್ದರು, ತಲೆಯ ಮೇಲೆ ಸೆರಗು. “ಅಳಿಯಂದ್ರೇ,” ಎಂದರು. ಎರಡು ವರ್ಷದಲ್ಲಿ ಮೊದಲ ಸಲ. “ಬೆಳೆ ಎಂಗೈತಂತೆ, ಕೇಳಿ.”

ಬೇರೆಯವರ ಸಮಾಚಾರ ಸಾಗಿಸಬಾರದೆಂದು ಲೈಸೆನ್ಸಿನ ನಿಯಮ. ಹಾಗಾಗಿ ಪ್ರಶ್ನೆ ನನ್ನದೇ ಎಂಬಂತೆ ಕುಟ್ಟಿದೆ. ಅತ್ತೆಯಿಂದ ಕಲಿತ ವಿದ್ಯೆ ಅಷ್ಟು ಬೇಗ ಉಪಯೋಗಕ್ಕೆ ಬಂತು. ಎಲೆ ಚೆನ್ನಾಗಿದೆ, ಮಳೆ ಸ್ವಲ್ಪ ಹೆಚ್ಚಾಯಿತು ಎಂದು ಉತ್ತರ ಬಂತು. “ನಮ್ಮ ಕಡೆನೂ ಅಂಗೇ,” ಎಂದು ತಲೆಯಾಡಿಸಿ ಅತ್ತೆ ಒಳಗೆ ಹೋದರು.

“ಅಮ್ಮ ನಿಮ್ಗೇ ಹೇಳ್ತಿದ್ದಿದ್ದು ಅಂತ ನಂಗೆ ಮೊದಲ್ನೇ ದಿನಾನೇ ಗೊತ್ತಿತ್ತು,” ಎಂದಳು ಜಯಮ್ಮ ಆಮೇಲೆ.

“ಮತ್ತೆ ನೀನು ಹೇಳ್ಬಾರ್ದಾಗಿತ್ತಾ?”

“ನಾನ್ ಹೇಳಿದ್ದನ್ನ ಯಾವತ್ ಕೇಳಿದೀರಿ?”

ಗಳ ನನಗೇ ಉಳಿಯಿತು. ಅವಳು ಅವರೆ ಬೀಜವನ್ನು ಅದರ ಬುಡದಲ್ಲೇ ಊರಿದಳು, ಬಳ್ಳಿ ಗಳವನ್ನೇ ಸುತ್ತಿಕೊಂಡು ಏರಿತು. ಆ ಚಳಿಗಾಲವೆಲ್ಲ ನಮಗೆ ಏರಿಯಲ್‌ನಿಂದಲೇ ಹುಳಿ.

ಹಬ್ಬ ಮುಗಿದು ಎರಡು ದಿನಕ್ಕೆ ಅತ್ತೆ ಮತ್ತೆ ಬಾಗಿಲ ಹಿಂದಕ್ಕೆ ಸೇರಿದರು. ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದಾಗ ಕಲ್ಲು ತಿರುಗುವ ಸದ್ದು ಕೇಳಿಸಿತು. “ತೆಂಗಿನ್ ಮರದ್ ಕಡೆ ಅಗ್ಗ ಸವೆದೈತೆ. ಒಂದ್ ಗಾಳಿ ಬಂದ್ರೆ ಸಾಕು,” ಎಂದು ಅವರು ಕಲ್ಲಿಗೆ ಹೇಳುತ್ತಿದ್ದರು. ನಾನು ಲೋಟ ಕೆಳಗಿಟ್ಟು, ಸಾಬರ ಮನೆಗೆ ಏಣಿ ತರಲು ಹೊರಟೆ.