ಬೀಗ ಹಾಕಿದ ಕೋಣೆಯ ಓದು

ದೆವ್ವ, ಪವಾಡ ಎಂದು ಯಾರಾದರೂ ಶುರುಮಾಡಿದರೆ ‘ನಿಮ್ಮ ಹತ್ರಾನೇ ಇಟ್ಕೊಳ್ರೀ’ ಎಂದು ಬಾಯಿ ಮುಚ್ಚಿಸುತ್ತಿದ್ದವನು ನಾನು. ಈಗ ನೀವು ನನ್ನ ಬಾಯಿ ಮುಚ್ಚಿಸಿದರೂ ಬೇಸರವಿಲ್ಲ. ಆದರೆ ಕಿವಿಯಾರೆ ಕೇಳಿದ್ದನ್ನು ಕೇಳಲಿಲ್ಲ ಎಂದು ಹೇಗೆ ಹೇಳಲಿ?

ಅದು ಐವತ್ತರ ದಶಕ. ಮೈಸೂರಿನ ಅಗ್ರಹಾರದ ಹಳೇ ಮನೆಯೊಂದರಲ್ಲಿ ನಮ್ಮ ಪುಸ್ತಕ ಭಂಡಾರವಿತ್ತು. ಅಲ್ಲಿಂದ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ, ಎತ್ತಿನಗಾಡಿಯಲ್ಲಿ ಸುತ್ತಲಿನ ಹಳ್ಳಿಗಳಿಗೆ ಒಯ್ದು, ಓದಿ ಮುಗಿದ ಮೇಲೆ ಮುಂದಿನ ಊರಿಗೆ ಸಾಗಿಸುವುದು ನನ್ನ ಕೆಲಸ. ಆ ಹಳ್ಳಿಗಳಿಗೆ ಗ್ರಂಥಾಲಯವೆಂದರೆ ಆ ಪೆಟ್ಟಿಗೆಯೇ.

ನವರಾತ್ರಿಗೆ ಮಾತ್ರ ಎಲ್ಲ ಪೆಟ್ಟಿಗೆಗಳೂ ತವರಿಗೆ ಬಂದು ಸರಸ್ವತಿ ಪೂಜೆಗೆ ಕೂರುತ್ತಿದ್ದವು. ಆಮೇಲೆ ವಿಜಯದಶಮಿಯವರೆಗೆ ಅವುಗಳನ್ನು ಯಾರೂ ಮುಟ್ಟುವಂತಿಲ್ಲ. ಆ ವರ್ಷ ಪೂಜೆಗೆ ಮುಂಚೆ ಭಂಡಾರದ ಸಾಹೇಬರು ಪುಸ್ತಕಗಳನ್ನು ತಿರುವಿ ಮುಖ ಸಿಂಡರಿಸಿದರು.

“ಹೊಸದರ ಹಾಗೇ ಇವೆಯಲ್ರೀ! ಒಂದು ಪುಟಕ್ಕೂ ಬೆರಳಿನ ಗುರುತಿಲ್ಲ. ಯಾರೂ ಓದೇ ಇಲ್ಲ. ಹಬ್ಬ ಮುಗೀಲಿ, ಪೆಟ್ಟಿಗೆ ಕಳ್ಸೋದು ನಿಲ್ಲಿಸಿಬಿಡೋಣ.”

ಎತ್ತಿನ ಗಂಟೆ ಕೇಳಿ ಹೊಲದಿಂದ ಓಡಿ ಬರುತ್ತಿದ್ದವರ ಮುಖಗಳು ಕಣ್ಣಮುಂದೆ ಬಂದವು. ಆದರೆ ನಾನೇ ತಿರುವಿ ನೋಡಿದರೂ ಒಂದು ಪುಟವೂ ಕೊಳೆಯಾಗಿರಲಿಲ್ಲ.

ಆಯುಧಪೂಜೆಯ ಸಂಜೆ, ದೀಪ ಹಚ್ಚುವ ಹೊತ್ತು. ಮಂಗಳಾರತಿ ಮುಗಿಸಿ, ಕೋಣೆಗೆ ಬೀಗ ಹಾಕಿ, ಸಾಹೇಬರೂ ನಾನೂ ಜಗಲಿಯಲ್ಲಿ ಕಡಲೆಪುರಿ ತಿನ್ನುತ್ತಿದ್ದೆವು. ಒಳಗಿನಿಂದ ಹೆಂಗಸಿನ ದನಿ ಬಂತು. ಹೊಸದಾಗಿ ಅಕ್ಷರ ಕಲಿತವರ ಓದು, ತಡೆತಡೆದು: “ಅಲೆ ತಗ್ಗಿತು... ಮೋಡ ಸರಿಯಿತು... ದಡ ಕಂಡಿತು.”

ಸಾಹೇಬರ ಕೈಯಲ್ಲಿದ್ದ ಪುರಿ ಅಲ್ಲೇ ಉಳಿಯಿತು. ಇಬ್ಬರೂ ಎದ್ದು ಬೀಗ ತೆಗೆದೆವು. ಉರಿಯುವ ದೀಪ, ಹೂವಿಟ್ಟ ಪೆಟ್ಟಿಗೆಗಳು, ಅಷ್ಟೇ. ಇನ್ನೊಂದು ಬಾಗಿಲಿಲ್ಲ, ಕಿಟಕಿಯಿಲ್ಲ, ಒಂದು ನರಪಿಳ್ಳೆಯಿಲ್ಲ. ದೇವರಾಣೆ, ನನಗೆ ಹೆದರಿಕೆಯಾಯಿತು.

ಮರುದಿನ ಬೆಳಗ್ಗೆ, ಜಂಬೂ ಸವಾರಿಗೆ ಬಂದ ಹಳ್ಳಿಯವರ ಗಾಡಿಗಳು ನಮ್ಮ ಬಾಗಿಲಿಗೇ ಬಂದು ನಿಂತವು. ಮೊದಲು ಇಳಿದವರು ದೇವೀರಮ್ಮ. ತಲೆ ನರೆತ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಊರಿಗೆಲ್ಲ ಓದಿ ಹೇಳುತ್ತಿದ್ದವರು.

“ಹಡಗಿನ ಕಥೆ ಅರ್ಧಕ್ಕೇ ನಿಂತೋಗಿತ್ತು ಕಣಪ್ಪ, ನೀನು ಪೆಟ್ಟಿಗೆ ಹೊತ್ಕೊಂಡು ಬಂದ್ಬುಟ್ಟೆ. ನೆನ್ನೆ ನಮ್ಮೂರಲ್ಲಿ ದೀಪ ಹಚ್ತಿದ್ದಂಗೇ ಮುಂದಿಂದು ತಾನಾಗೇ ಬಾಯಿಗೆ ಬಂತು. ಎಲ್ರುನೂ ಕೂರಿಸ್ಕೊಂಡು ಹೇಳ್ಬುಟ್ಟೆ. ಸರಿಯಾಗದಾ ನೋಡು.”

“ಏನು ಹೇಳಿದ್ರಮ್ಮಾ?” ಸಾಹೇಬರು ಜಗಲಿಯ ಅಂಚಿಗೇ ಬಂದು ಕೇಳಿದರು.

“ಅಲೆ ತಗ್ಗಿತು... ಮೋಡ ಸರಿಯಿತು... ದಡ ಕಂಡಿತು.”

ಅದೇ ದನಿ. ಅದೇ ತಡೆ.

ನಾನು ಪೆಟ್ಟಿಗೆ ತೆಗೆದೆ. ದೇವೀರಮ್ಮ ನಲ್ಲಿಯಲ್ಲಿ ಕೈ ತೊಳೆದು, ಸೆರಗಿನಿಂದ ಒರೆಸಿ, ತೊಡೆಯ ಮೇಲೆ ಮಡಿಬಟ್ಟೆ ಹಾಸಿ ಪುಸ್ತಕ ಇಟ್ಟುಕೊಂಡರು. ಸಾಹೇಬರು ಬೆರಗಾಗಿ ನೋಡುತ್ತಿದ್ದರು.

“ಸರಸ್ವತಿ ಅಲ್ವಾ ಸ್ವಾಮಿ, ಕೊಳೆ ಕೈಲಿ ಮುಟ್ಟಾಕಾಯ್ತದಾ? ಒಬ್ರು ಓದ್ತಾರೆ, ಊರೆಲ್ಲಾ ಕೇಳ್ತದೆ,” ಎಂದವರೇ ಕೊನೆಯ ಪುಟ ಓದಿದರು. ಹೇಳಿದ್ದಕ್ಕೂ ಪುಟಕ್ಕೂ ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲ. ಕಡಲನ್ನೇ ಕಾಣದ ಆ ಜನ ದಡ ಸಿಕ್ಕಿತೆಂದು ಹಾಕಿದ ಕೇಕೆಗೆ ಬೀದಿಯವರೆಲ್ಲ ಹೊರಗೆ ಬಂದರು. ನಾನೂ ಕೂಗಿದೆ, ನಾಚಿಕೆ ಯಾಕೆ!

“ಏರಿಸ್ರೀ ಪೆಟ್ಟಿಗೆ! ಎಲ್ಲಾ ಊರಿಗೂ ಹೋಗ್ಲಿ!” ಎಂದರು ಸಾಹೇಬರು, ಕಣ್ಣೊರೆಸಿಕೊಳ್ಳುತ್ತಾ.

“ಆನೆ ಮುಂದಿನ ವರ್ಷಾನೂ ಬತ್ತದೆ,” ಎಂದು ದೇವೀರಮ್ಮ ಊರ ಕಡೆಗೇ ತಿರುಗಿದರು. ಜನವೆಲ್ಲ ಅರಮನೆಯತ್ತ ನುಗ್ಗುತ್ತಿದ್ದರೆ ನಮ್ಮ ಗಾಡಿಗಳು ಎದುರು ದಿಕ್ಕಿಗೆ ಹೊರಟವು, ಪೆಟ್ಟಿಗೆಗಳ ಮೇಲೆ ಪೂಜೆಯ ಹೂ ಹಾಗೇ ಇತ್ತು. ಎಷ್ಟು ಕರೆದರೂ ದೇವೀರಮ್ಮ ಗಾಡಿ ಹತ್ತಲಿಲ್ಲ. ಸರಸ್ವತಿಗೆ ಸರಿಸಮ ಕೂರುವುದುಂಟೇ ಎಂದು ಪಕ್ಕದಲ್ಲೇ ನಡೆದರು.

ದೇವೀರಮ್ಮನವರ ಊರಿನ ದನಿ ಅಗ್ರಹಾರದ ಬೀಗದ ಕೋಣೆಗೆ ಹೇಗೆ ಬಂತೋ, ಓದದ ಪುಟ ಅವರ ಬಾಯಿಗೆ ಹೇಗೆ ಬಂತೋ, ನನಗಿನ್ನೂ ತಿಳಿದಿಲ್ಲ. ಸಾಹೇಬರನ್ನು ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಅವರದು ಒಂದೇ ಮಾತು: “ಅದಿರ್ಲಿ, ಇವತ್ತಿನ ಪೆಟ್ಟಿಗೆ ಹೋಯ್ತೇನ್ರೀ?”