ಐಸ್ ಇಲ್ಲದೆ ಒಯ್ದ ಟ್ಯೂಬುಗಳು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ನಿವೃತ್ತಿಯಾಗಲಿ ಎಂದುಕೊಂಡೆ, ಆಮೇಲೆ ಕಣ್ಣಿನ ಆಪರೇಷನ್ ಮುಗಿಯಲಿ ಎಂದುಕೊಂಡೆ. ಈಗ ನೆಪಗಳೂ ಮುಗಿದಿವೆ.

ಎಸ್ಸೆಸ್ಸೆಲ್ಸಿ ಓದಿದ ನಾನು ಮಣಿಪಾಲದ ಒಂದು ಚಿಕ್ಕ ಖಾಸಗಿ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದೆ. ಅದು ಈಗ ಇಲ್ಲ. ಅಲ್ಲಿಗೆ ಕಾಪುವಿನ ಬ್ಯಾರಿ ಮುಸ್ಲಿಮರ ಮನೆಯ ಹುಡುಗಿಯೊಬ್ಬಳು ಸಂಶೋಧನೆಗೆ ಸೇರಿದಳು. ರಕ್ತದ ಬಿಳಿ ಕಣಗಳು ಸೋಂಕಾದ ಕಡೆ ರಕ್ತನಾಳದ ಗೋಡೆಗೆ ಹೇಗೆ ಅಂಟಿಕೊಳ್ಳುತ್ತವೆ ಎಂಬುದು ಅವಳ ವಿಷಯ. ನಾನು ಕೇಳದಿದ್ದರೂ ಒಮ್ಮೆ ಹಳೆಯ ಲಕೋಟೆಯ ಹಿಂದೆ ಚಿತ್ರ ಬರೆದು ವಿವರಿಸಿದಳು. ಕಣದ ಮೈಮೇಲೆ ಅಂಟುವ ಪ್ರೋಟೀನ್ ಇರುತ್ತದೆ, ಅದರ ಬಾಲ ಕಣದ ಒಳಗಿರುತ್ತದೆ. ಆ ಬಾಲಕ್ಕೆ ಫಾಸ್ಫೇಟ್ ಎಂಬ ಚಿಕ್ಕ ತುಣುಕು ಸೇರಿದರೆ ಹೊರಗಿನ ಹಿಡಿತ ಬದಲಾಗುತ್ತದೆ. ಅದು ಯಾವ ಜಾಗದಲ್ಲಿ ಸೇರಿತು ಎಂಬುದನ್ನು ನೋಡಿಕೊಂಡು ಕಣ ಅಂಟುತ್ತದೆ, ಇಲ್ಲವೇ ಬಿಟ್ಟು ಮುಂದೆ ಹೋಗುತ್ತದೆ.

"ಈ ಫಾಸ್ಫೇಟ್ ತುಂಬಾ ನಾಜೂಕು, ಅಣ್ಣ," ಅಂದಳು. "ಕಣ ಒಡೆದ ಮೇಲೆ ಬಿಸಿ ತಾಗಿದರೆ ಕಳಚಿ ಹೋಗ್ತದೆ. ಕಳಚದ ಹಾಗೆ ಔಷಧ ಹಾಕಿದ್ದು ಉಂಟು, ಆದರೂ ಐಸ್ ಬೇಕೇ ಬೇಕು."

ಐಸಿನ ವಿಷಯ ನನಗೆ ಹೇಳಿಕೊಡಬೇಕಾಗಿರಲಿಲ್ಲ. ನಾನು ಎರ್ಮಾಳಿನ ಮೀನುಗಾರರ ಮನೆಯವನು.

ಅಳೆಯುವ ಯಂತ್ರ ಇಳಿಜಾರಿನ ಕೆಳಗೆ ಇನ್ನೊಂದು ಕಟ್ಟಡದಲ್ಲಿತ್ತು. ಮೊದಲ ಕೆಲವು ತಿಂಗಳು ಒಡೆದ ಕಣಗಳ ಟ್ಯೂಬುಗಳನ್ನು ಅವಳೇ ಒಯ್ದಳು, ಫಲಿತಾಂಶವೂ ಚೆನ್ನಾಗಿ ಬಂತು. ಕೆಲಸ ಹೆಚ್ಚಾದಾಗ ಐಸ್ ತುಂಬಿದ ಥರ್ಮೊಕೋಲ್ ಪೆಟ್ಟಿಗೆ ನನ್ನ ಕೈಗೆ ಬಂತು. ದಾರಿಯಲ್ಲಿ ಕ್ಯಾಂಟೀನು. ಅಲ್ಲಿದ್ದ ಡ್ರೈವರ್ ಒಬ್ಬ ಮೊದಲ ದಿನವೇ ಕೂಗಿದ: "ಎಂತ ಮಾರಾಯ, ಇವತ್ತು ಯಾವ ಮೀನು, ಬಂಗುಡೆಯಾ, ಬೂತಾಯಿಯಾ? ಕೊಯ್ದು ಕೊಡ್ತೀಯಾ, ಹಾಗೇ ಕೊಡ್ತೀಯಾ?"

ಎಲ್ಲರೂ ನಕ್ಕರು. ಬಸ್ಸಿನಲ್ಲಿ ಅಮ್ಮನ ಮೀನಿನ ಬುಟ್ಟಿ ಕಂಡು ಮೂಗು ಮುಚ್ಚುತ್ತಿದ್ದವರು ನೆನಪಾದರು. ಮರುದಿನದಿಂದ ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗೆ ಬಿಟ್ಟು, ಟ್ಯೂಬುಗಳನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಹೊರಟೆ. ಅದೇ ಕ್ಯಾಂಟೀನಿನಲ್ಲಿ ಕೂತು ಚಹಾ ಕುಡಿದೆ, ಅದೇ ಡ್ರೈವರನ ಜೊತೆ ನಕ್ಕೆ. ಹೀಗೆ ಒಂದು ಇಡೀ ಮಳೆಗಾಲ.

ಅವಳ ಟ್ಯೂಬುಗಳಲ್ಲಿ ಫಾಸ್ಫೇಟ್ ಕಾಣದಾಯಿತು. ಮತ್ತೆ ಮತ್ತೆ ಮಾಡಿದಳು. ರಕ್ತ ಕೊಡುವವರು ಸಾಲದೆ ತನ್ನ ರಕ್ತವನ್ನೇ ತೆಗೆಸಿಕೊಂಡಳು, ತೋಳಿಗೆ ಹತ್ತಿ ಅಂಟಿಸಿಕೊಂಡೇ ನನಗೆ ಟ್ಯೂಬು ಕೊಟ್ಟಳು. ಅದನ್ನೂ ಕಿಸೆಗೆ ಹಾಕಿದೆ.

ಕೊನೆಗೆ ಪ್ರಯೋಗಾಲಯದ ಮುಖ್ಯಸ್ಥರು ಅವಳನ್ನು ಕರೆಸಿದರು. "ಮೊದಲು ಬಂದದ್ದು ಈಗ ಯಾಕೆ ಬರುವುದಿಲ್ಲ? ಮೊದಲಿನ ಆ ಅಂಕಿಗಳೆಲ್ಲ ನೀವೇ ಸುಳ್ಳು ಬರೆದುಕೊಂಡದ್ದಲ್ವಾ?"

ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ನನ್ನ ಕಡೆ ತಿರುಗಿದಳು. "ಅಣ್ಣ, ಐಸಲ್ಲೇ ಅಲ್ವಾ ತಗೊಂಡು ಹೋದದ್ದು?"

"ಮತ್ತೆಂತ? ಮೀನಿನವರ ಮನೆಯವನಿಗೆ ಐಸ್ ಗೊತ್ತಿಲ್ವಾ?" ಅಂದೆ.

ಯಾವುದನ್ನು ಮುಚ್ಚಿಡಲು ಇಷ್ಟೆಲ್ಲ ಮಾಡಿದೆನೋ ಅದನ್ನೇ ಸುಳ್ಳಿಗೆ ಸಾಕ್ಷಿಯಾಗಿ ಕೊಟ್ಟೆ. ಮುಖ್ಯಸ್ಥರು ತಲೆಯಾಡಿಸಿದರು. "ಹಾಗಾದ್ರೆ ನಾನೇ ಎಲ್ಲೋ ತಪ್ಪಿದ್ದೇನೆ, ಸರ್," ಅಂದಳು. ಆ ವಾರವೇ ಅವಳನ್ನು ಕಳುಹಿಸಿಬಿಟ್ಟರು.

ಕಳೆದ ವರ್ಷ ಕಾರ್ಕಳದ ಬಸ್ ನಿಲ್ದಾಣದಲ್ಲಿ ಅವಳೇ ನನ್ನ ಗುರುತು ಹಿಡಿದಳು. ಬಜಗೋಳಿಯಲ್ಲಿ ಟ್ಯೂಷನ್ ಹೇಳುತ್ತಾಳಂತೆ. ನನ್ನ ಆರೋಗ್ಯ ಕೇಳಿದಳು. ಆಮೇಲೆ ತಾನಾಗಿ ಹೇಳಿದಳು: "ಲ್ಯಾಬಿನಲ್ಲಿ ಬರೀತಿದ್ದ ಆ ನೋಟ್‌ಬುಕ್ ಇನ್ನೂ ಉಂಟು ಅಣ್ಣ. ಆಗಾಗ ತೆಗೆದು ನೋಡ್ತೇನೆ. ಎಲ್ಲಿ ತಪ್ಪಿದೆ ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ."

ಉಡುಪಿಯ ಬಸ್ಸು ಬಂತು. "ನನ್ನ ಬಸ್ಸು," ಎಂದು ಹತ್ತಿದೆ. ಅದರ ಬೆನ್ನಿಗೇ ಇನ್ನೊಂದು ಉಡುಪಿ ಬಸ್ಸು ಖಾಲಿ ನಿಂತಿತ್ತು.

ದೇವರ ಮುಂದೆ ಎಷ್ಟೋ ಸಲ ತಪ್ಪೊಪ್ಪಿಕೊಂಡಿದ್ದೇನೆ. ಅದು ಸುಲಭ, ಅವನು ನೋಟ್‌ಬುಕ್ ತೆರೆದು ಕೂತಿಲ್ಲ. ನಾನು ಕ್ಷಮೆ ಕೇಳದೆ ಹೋದದ್ದು ಕಾಪುವಿನ ಆ ಸಂಶೋಧಕಿಯಲ್ಲಿ, ಈಗ ಬಜಗೋಳಿಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಆ ಟೀಚರಲ್ಲಿ.